ಚಿಕ್ಕಮಗಳೂರಿನಲ್ಲಿ ಒಂದು ಸಿಗಾರ್‌ನ ರುಚಿ ತೋರಿಸಿ ಬೇರೆಯದನ್ನು ಮಾರುತ್ತಿದ್ದಾರೆ, ದಯವಿಟ್ಟು ಈ ಮೋಸಕ್ಕೆ ಬೀಳಬೇಡಿ

24,000 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಅವಮಾನ ಜಾಸ್ತಿ. ಯಾಕೆಂದರೆ ನಮ್ಮದು ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆ. ಎಲೆ ಒಣಗಿಸುವ ಬ್ಯಾರನ್ ಮನೆಯ ಬಿಸಿಯಲ್ಲಿ ಎಲೆ ಹಳದಿಗೆ ತಿರುಗುವ ವಾಸನೆ ಕುಡಿದೇ ಬೆಳೆದವನು ನಾನು. ನನಗೇ ಹೀಗೆ ಮಾಡಿದರು.

ಭಾವನಿಗೆ 60 ತುಂಬಿತ್ತು. ಅವರಿಗೆ ಸಿಗಾರ್ ಅಂದರೆ ಇಷ್ಟ, ವರ್ಷಕ್ಕೆ ಎರಡೋ ಮೂರೋ ಸೇದುತ್ತಾರೆ. ಒಳ್ಳೆಯದು ಕೊಡಿಸೋಣ ಅಂತ ಹುಡುಕುವಾಗ ಮುಳ್ಳಯ್ಯನಗಿರಿ ಕಡೆಯ ಒಂದು ಹೋಂಸ್ಟೇಯಲ್ಲಿ ‘ಸಿಗಾರ್ ಟೇಸ್ಟಿಂಗ್’ ಇದೆ ಅಂತ ಗೊತ್ತಾಯಿತು. ತಲೆಗೆ 2,000. ಹೋದೆ.

ಸುಳ್ಳು ಹೇಳಲ್ಲ, ಆ ಸಂಜೆ ಚೆನ್ನಾಗಿಯೇ ಇತ್ತು. ಹೊರಗೆ ಜಡಿಮಳೆ, ಜಗಲಿಯಲ್ಲಿ ಆರು ಜನ. ಟೇಸ್ಟಿಂಗ್ ನಡೆಸುವಾತ ಸಿಗಾರ್‌ನ ತಲೆಯನ್ನು, ಅಂದರೆ ಬಾಯಿಗಿಡುವ ತುದಿಯನ್ನು, ನೀಟಾಗಿ ಕತ್ತರಿಸಿದ. ಬೆಂಕಿ ತಾಗಿಸದೆ, ಸ್ವಲ್ಪ ದೂರದಲ್ಲಿ ಹಿಡಿದು ತಿರುಗಿಸುತ್ತಾ ಇನ್ನೊಂದು ತುದಿಯನ್ನು ಕಾಯಿಸಿದ. ‘ಹೊಗೆ ಒಳಗೆಳೆಯಬೇಡಿ, ಬಾಯಲ್ಲೇ ಆಡಿಸಿ ಬಿಡಿ. ನಿಮಿಷಕ್ಕೆ ಒಂದೇ ಸಲ ಎಳೀರಿ, ಅವಸರ ಮಾಡಿದರೆ ಬಿಸಿಯಾಗಿ ಕಹಿಯಾಗುತ್ತದೆ’ ಅಂದ. ಅವನು ಹೇಳಿದ್ದೆಲ್ಲ ಸರಿಯೇ. ಮೊದಲು ದೇವದಾರು ಮರದಂಥ ಘಮ ಬಂತು. ಅರ್ಧಕ್ಕೆ ಬರುವಾಗ ಹುರಿದ ಕಾಫಿ ಬೀಜದ ರುಚಿ, ಕೊನೆಗೆ ನಾಲಿಗೆ ಮೇಲೆ ಕಾಳುಮೆಣಸಿನ ಚುರುಕು. ಬೂದಿ ಒಂದು ಇಂಚು ಬೆಳೆದರೂ ಬೀಳಲಿಲ್ಲ. ಅಷ್ಟು ಒಳ್ಳೆ ಎಲೆ.

ಆದರೆ ಅದಕ್ಕೆ ಹೆಸರಿನ ಉಂಗುರವೇ (ಬ್ರ್ಯಾಂಡ್ ಹೆಸರಿರುವ ಕಾಗದದ ಪಟ್ಟಿ) ಇರಲಿಲ್ಲ. ಕೇಳಿದೆ. ‘ಹೆಸರು ನೋಡದೆ ರುಚಿ ನೋಡಬೇಕು ಸರ್, ಅದಕ್ಕೇ ಬಿಚ್ಚಿಟ್ಟಿದ್ದೀನಿ’ ಅಂದ. ನಾನು ಅಲ್ಲೇ ಎದ್ದು ಬರಬೇಕಿತ್ತು. ಅಲ್ಲೇ!

ಆಮೇಲೆ ಗಾಜಿನ ಮುಚ್ಚಳದ ಡಬ್ಬ ತಂದ. ಒಳಗೆ ಕ್ಯೂಬಾದ ಹೆಸರಾಂತ ಬ್ರ್ಯಾಂಡ್ ಕೋಹಿಬಾದ ಉಂಗುರ ಹಾಕಿದ 25 ಸಿಗಾರ್. ‘ನೀವೀಗ ಸೇದಿದ್ದು ಇದೇ.’ ಬಿಲ್ ಕೇಳಿದರೆ ಡ್ಯೂಟಿ ಫ್ರೀ ಮಾಲು, ಬಿಲ್ ಬರಲ್ಲ ಅಂದ. ಡಬ್ಬದ ಮೇಲೆ ನಮ್ಮ ದೇಶದ ಎಚ್ಚರಿಕೆ ಚಿತ್ರ ಇರಲಿಲ್ಲ, ಅದಕ್ಕೂ ಅದೇ ಉತ್ತರ. ಬಾಯಲ್ಲಿನ್ನೂ ಆ ರುಚಿ ಇತ್ತು, ದುಡ್ಡು ಕಳಿಸಿಬಿಟ್ಟೆ.

ಹಾಸನದ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಭಾವ ಖುಷಿಯಿಂದ ಒಂದನ್ನು ಹಚ್ಚಿದರು. ಎಳೆದರು, ಹೊಗೆಯೇ ಬರಲಿಲ್ಲ. ಮತ್ತೆ ಎಳೆದರು. ಒಂದೇ ಪಕ್ಕ ಉರಿಯತೊಡಗಿತು, ಸುಟ್ಟ ರಟ್ಟಿನ ವಾಸನೆ, ಬೂದಿ ಪುಡಿಪುಡಿಯಾಗಿ ಬಿಳಿ ಪಂಚೆ ಮೇಲೆ. ಅವರು ಏನೂ ಹೇಳಲಿಲ್ಲ. ಮೆಲ್ಲಗೆ ತಟ್ಟೆಯಲ್ಲಿಟ್ಟು ‘ಆಮೇಲೆ ಸೇದ್ತೀನಿ ಬಿಡು’ ಅಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅಪ್ಪ ಇನ್ನೊಂದನ್ನು ತೆಗೆದುಕೊಂಡು ಪೇಪರ್ ಮೇಲೆ ಉದ್ದಕ್ಕೆ ಸೀಳಿದರು. ಕೈಯಿಂದ ಸುತ್ತಿದ ಒಳ್ಳೆ ಸಿಗಾರ್‌ನಲ್ಲಿ ಈ ತುದಿಯಿಂದ ಆ ತುದಿವರೆಗೆ ಉದ್ದುದ್ದ ಎಲೆ ಇರುತ್ತದೆ. ಇದರಲ್ಲಿ ಇದ್ದದ್ದು ಚೂರು, ಕಡ್ಡಿ, ಧೂಳು. ‘ಇದು ನೆಲ ಗುಡಿಸಿ ತುಂಬಿದ್ದು ಕಣೋ. ಹೊಗೆಸೊಪ್ಪಿನ ಹರಾಜಿನಲ್ಲಿ ಮೂಟೆ ಒಳಗೆ ಕೈ ಹಾಕಿ ನೋಡ್ತಾರಲ್ಲ, ಯಾಕೆ ಅಂತ ನಿಂಗೆ ಗೊತ್ತಿರಲಿಲ್ವಾ?’ ಅಂದರು. ಗೊತ್ತಿತ್ತು. ಮೇಲೆ ಒಳ್ಳೆ ಎಲೆ, ಒಳಗೆ ಕಸ. ಚಿಕ್ಕಂದಿನಿಂದ ಗೊತ್ತಿತ್ತು.

ಆ ರಾತ್ರಿಯೇ ಮಾರಿದವನಿಗೆ ಫೋಟೋ ಕಳಿಸಿದೆ. ಅವನ ಉತ್ತರಗಳನ್ನು ನೋಡಿ. ಮೊದಲನೆಯದು, ‘ಸರಿಯಾಗಿ ಇಟ್ಟಿಲ್ಲ ನೀವು, ಶೇಕಡ 65ರಿಂದ 70 ತೇವಾಂಶ ಬೇಕು.’ ತಂದು ಎರಡೇ ದಿನ ಆಗಿತ್ತು! ತೇವ ಕಡಿಮೆಯಾದರೆ ಉದ್ದನೆ ಎಲೆ ಚೂರಾಗಿ ಕಡ್ಡಿಯಾಗುತ್ತದಾ? ಎರಡನೆಯದು, ‘25ರಲ್ಲಿ ಒಂದೆರಡು ಹಾಗೆ ಬರುತ್ತೆ.’ ಇನ್ನೂ ನಾಲ್ಕು ಸೀಳಿ ಕಳಿಸಿದೆ, ನಾಲ್ಕೂ ಹಾಗೇ. ಕೊನೆಗೆ, ‘ಸರ್, ನಿಮ್ಮ ನಾಲಿಗೆಗೆ ಅಭ್ಯಾಸ ಇಲ್ಲ. ಇದೆಲ್ಲ ಅರ್ಥ ಆಗೋಕೆ ವರ್ಷ ಬೇಕು.’ ಇದನ್ನು ಮಾತ್ರ ನಾನು ಮರೆಯಲ್ಲ. ಅಭ್ಯಾಸ ಇಲ್ಲದ ಅದೇ ನಾಲಿಗೆಗೆ ಅವನ ಜಗಲಿಯಲ್ಲಿ ಕಾಫಿ, ಮೆಣಸು ಎಲ್ಲ ಗೊತ್ತಾಗಿತ್ತಲ್ಲ? ಆಮೇಲೆ ನಂಬರ್ ಬ್ಲಾಕ್ ಮಾಡಿದ.

ಈಗ ತಿಳಿದುಕೊಂಡಿದ್ದು ಇಷ್ಟು. ಕೋಹಿಬಾ ಗಾಜಿನ ಮುಚ್ಚಳದ ಡಬ್ಬದಲ್ಲಿ ಬರುವುದೇ ಇಲ್ಲ. ಕ್ಯೂಬಾದ ಡಬ್ಬಕ್ಕೆ ಹಸಿರು ಸರ್ಕಾರಿ ಮುದ್ರೆ ಚೀಟಿ ಇರುತ್ತದೆ, ಅಡಿಯಲ್ಲಿ ಮರವನ್ನೇ ಸುಟ್ಟು ಒತ್ತಿದ ಅಕ್ಷರ ಇರುತ್ತದೆ. ನನ್ನ ಡಬ್ಬದಲ್ಲಿ ಅಡಿಗೆ ಸ್ಟಿಕ್ಕರ್, ಉಗುರಿಗೇ ಕಿತ್ತುಬಂತು. ಇಲ್ಲಿ ಸರಿಯಾಗಿ ಮಾರುವ ಪ್ಯಾಕಿನ ಮೇಲೆ ಎಚ್ಚರಿಕೆ ಚಿತ್ರ ಶೇಕಡ 85ರಷ್ಟು ಜಾಗ ಹಿಡಿದಿರಬೇಕು, 2016ರಿಂದ ಅದೇ ನಿಯಮ. ಬಿಲ್ ಇಲ್ಲದೆ ಕೊಳ್ಳಬೇಡಿ. ರುಚಿ ನೋಡುವುದಾದರೆ ನೀವು ಕೊಳ್ಳುವ ಡಬ್ಬದಿಂದಲೇ, ನೀವೇ ಆರಿಸಿದ್ದನ್ನೇ ಹಚ್ಚಿಸಿ. ಒಪ್ಪದಿದ್ದರೆ ಎದ್ದು ಬನ್ನಿ.

ನಿನ್ನೆ ನನ್ನ ಸ್ನೇಹಿತನಿಗೆ ಅದೇ ಹೋಂಸ್ಟೇಯಿಂದ ಮೆಸೇಜ್ ಬಂದಿದೆ. ಈ ಶನಿವಾರ ಮತ್ತೆ ಟೇಸ್ಟಿಂಗ್ ಅಂತೆ, ತಲೆಗೆ 2,500. ಅದಕ್ಕೇ ಇವತ್ತೇ ಬರೆದೆ.