ಬೀಡಿನ ದೋಸೆ ಹಂಚು: 3 ವರ್ಷ ಬಳಸಿದ ಮೇಲೆ, ಹಕ್ಕಿ ಸಾಕಿದ ಮನೆಯಿಂದ

ಈ ಹಂಚು ನಮ್ಮ ಮನೆಗೆ ಬಂದು 3 ವರ್ಷ ಆಯಿತು. 12 ಇಂಚು ಅಗಲ, ಎರಡೂ ಕಡೆ ಕಿವಿ, ತೂಕ 3 ಕೆಜಿಗೆ ಸ್ವಲ್ಪ ಕಡಿಮೆ. ದಾವಣಗೆರೆ ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ತಗೊಂಡೆ. ಕಂಪನಿ ಹೆಸರು ಯಾವುದೂ ಇಲ್ಲ, ಸಾದಾ ಬೀಡು ಕಬ್ಬಿಣ. ದೋಸೆ ರುಚಿಯಾಗಲಿ ಅಂತ ತಂದಿದ್ದಲ್ಲ. ಮನೆಯ ಎರಡು ಹಕ್ಕಿ ಒಂದೇ ಬೆಳಿಗ್ಗೆ ಸತ್ತವು, ಆಮೇಲೆ ತಂದಿದ್ದು.

ಆಗ ನಮ್ಮಲ್ಲಿ ಒಂದು ಜೋಡಿ ಬಜರಿಗರ್ ಇದ್ದವು. ಅಂಗಡಿಯಲ್ಲಿ ಲವ್ ಬರ್ಡ್ಸ್ ಕೊಡಿ ಅಂದರೆ ಹೆಚ್ಚಾಗಿ ಕೊಡುವುದು ಇವನ್ನೇ, ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿಗಳು. ಪಂಜರ ಊಟದ ಕೋಣೆಯಲ್ಲಿತ್ತು, ಅಡುಗೆಮನೆ ಬಾಗಿಲಿಂದ ಐದಾರು ಹೆಜ್ಜೆ. ದೋಸೆಗೆ ಅಂತ ನಾನ್‌ಸ್ಟಿಕ್ ಕಾವಲಿ ಒಲೆ ಮೇಲಿಟ್ಟೆ. ಅಷ್ಟರಲ್ಲಿ ನಲ್ಲಿ ನೀರು ಬಂತು. ನಮ್ಮ ಬೀದಿಗೆ ನೀರು ದಿನಾ ಬರುವುದಿಲ್ಲ, ಬಂದಾಗ ಹಿಡಿಯದಿದ್ದರೆ ಹೋಯಿತು. ಸಂಪಿನ ವಾಲ್ವ್ ತಿರುಗಿಸಿ, ಹಿತ್ತಲಿನ ಡ್ರಮ್ಮು ತುಂಬಿಸಿ ಒಳಗೆ ಬರುವಷ್ಟರಲ್ಲಿ 10 ನಿಮಿಷ. ಜೋರು ಉರಿಯಲ್ಲಿ ಖಾಲಿ ಕಾವಲಿ ಕಾಯುತ್ತಲೇ ಇತ್ತು. ಪ್ಲಾಸ್ಟಿಕ್ ಸುಟ್ಟ ಹಾಗೆ ಸಣ್ಣ ವಾಸನೆ. ಹೊಗೆ ಅಂತ ಹೇಳುವಷ್ಟೂ ಇರಲಿಲ್ಲ. ಒಲೆ ಆರಿಸಿ ಅಡುಗೆಮನೆ ಕಿಟಕಿ ತೆಗೆದೆ. ಪಂಜರದ ಕಡೆ ನೋಡಬೇಕು ಅಂತ ಹೊಳೆಯಲೇ ಇಲ್ಲ.

"ಅಮ್ಮಾ, ನೀಲಿ ಕೆಳಗೆ ಬಿದ್ದೈತೆ" ಅಂತ ಮಗಳು ಕೂಗಿದಳು. ನೀಲಿ ಪಂಜರದ ತಟ್ಟೆಯ ಮೇಲೆ ಬಿದ್ದು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಸಿರು ಹಕ್ಕಿ ಕೋಲಿನ ಮೇಲೆ ಮೈ ಉಬ್ಬಿಸಿಕೊಂಡು ಕೂತಿತ್ತು. ಪಂಜರ ಎತ್ತಿಕೊಂಡು ಮಹಡಿಗೆ ಓಡಿದೆ. ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡುವಾಗಲೇ ನೀಲಿ ಹೋಯಿತು. ಇನ್ನೊಂದು ಅರ್ಧ ಗಂಟೆಗೆ ಹಸಿರೂ ಹೋಯಿತು. ಕಾವಲಿಯ ವಿಷಯ ಕೇಳಿದ ಕೂಡಲೇ ಡಾಕ್ಟರ್ ಕಾರಣ ಹೇಳಿದರು. ನನಗೆ ಅದುವರೆಗೂ ಯಾರೂ ಹೇಳಿರಲಿಲ್ಲ. ಕಾವಲಿಯ ಡಬ್ಬಿಯ ಮೇಲೂ ಒಂದು ಸಾಲು ಇರಲಿಲ್ಲ. ಅದಕ್ಕೇ ಇಲ್ಲಿ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಾನ್‌ಸ್ಟಿಕ್ ಪಾತ್ರೆಗೆ ಹೆಚ್ಚಾಗಿ ಹಚ್ಚುವ ಲೇಪದ ಹೆಸರು ಪಿಟಿಎಫ್‌ಇ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡಲು ಶುರುವಾಗುತ್ತದೆ. ಇನ್ನೂ ಕಾದ ಹಾಗೆ ವಿಷದ ಅನಿಲ, ಕಣ್ಣಿಗೆ ಕಾಣದ ಸಣ್ಣ ಕಣ ಬಿಡುತ್ತದೆ. ದೋಸೆ ಹೊಯ್ಯುವ ಹದ ಇದಕ್ಕಿಂತ ಕೆಳಗೇ ಇರುತ್ತದೆ, ನಿಜ. ಆದರೆ ಹಿಟ್ಟು ಹಾಕದೆ ಜೋರು ಉರಿಯಲ್ಲಿ ಬಿಟ್ಟರೆ ಆ ಮಟ್ಟ ಮುಟ್ಟಲು ಕೆಲವೇ ನಿಮಿಷ ಸಾಕು. ಮನುಷ್ಯರಿಗೆ ಆ ಗಾಳಿಯಿಂದ ಜ್ವರ, ಮೈಕೈ ನೋವು ಬಂದು ಹೋಗಬಹುದು. ಹಕ್ಕಿಗೆ ಅದೇ ಪ್ರಾಣ ತೆಗೆಯುತ್ತದೆ. ಹಕ್ಕಿಗಳ ಉಸಿರಾಟವೇ ಬೇರೆ. ಮೈಯೊಳಗೆ ಗಾಳಿ ಚೀಲಗಳಿವೆ. ಉಸಿರು ಒಳಗೆ ಎಳೆದಾಗಲೂ ಹೊರಗೆ ಬಿಟ್ಟಾಗಲೂ ಹೊಸ ಗಾಳಿ ಶ್ವಾಸಕೋಶದಲ್ಲಿ ಹರಿಯುತ್ತಲೇ ಇರುತ್ತದೆ. ಹಾರಲು ಅಷ್ಟು ಆಮ್ಲಜನಕ ಬೇಕಲ್ವಾ? ಗಾಳಿಯಲ್ಲಿ ವಿಷ ಇದ್ದರೆ ಅದೂ ಅಷ್ಟೇ ಚೆನ್ನಾಗಿ ಒಳಗೆ ಹೋಗುತ್ತದೆ. ಬಜರಿಗರ್ ತೂಗುವುದು 30ರಿಂದ 40 ಗ್ರಾಂ. ಎಷ್ಟು ವಿಷ ತಡೆದೀತು?

ಹೊಸ ಪಾತ್ರೆ ಹುಡುಕುವಾಗ ಇನ್ನೊಮ್ಮೆ ಮೋಸ ಹೋಗುತ್ತಿದ್ದೆ. ಅಂಗಡಿಯವರು "ಇದು ಪಿಎಫ್‌ಒಎ ಫ್ರೀ, ಏನೂ ತೊಂದ್ರೆ ಇಲ್ಲ ಅಕ್ಕಾ" ಅಂತ ಇನ್ನೊಂದು ನಾನ್‌ಸ್ಟಿಕ್ ತೋರಿಸಿದರು. ಪಿಎಫ್‌ಒಎ ಅನ್ನುವುದು ಆ ಲೇಪ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ಬೇರೆ ರಾಸಾಯನಿಕ. ಅದು ಇಲ್ಲ ಅಂದ ಮಾತ್ರಕ್ಕೆ ಪಿಟಿಎಫ್‌ಇ ಇಲ್ಲ ಅಂತ ಅರ್ಥವಲ್ಲ. ಹಕ್ಕಿ ಇರುವವರು ಈ ಒಂದು ಮಾತು ಮರೆಯಬೇಡಿ. ಸ್ಯಾಂಡ್‌ವಿಚ್ ಮೇಕರ್, ಏರ್ ಫ್ರೈಯರ್ ಬುಟ್ಟಿಗಳಿಗೂ ಇದೇ ಲೇಪ ಇರಬಹುದು. ಕೇಳಿ ತಗೊಳ್ಳಿ.

ಈಗ ಹಂಚಿನ ವಿಷಯ. ತಂದ ದಿನವೇ ಬಳಸಲು ಆಗುವುದಿಲ್ಲ, ಪಳಗಿಸಬೇಕು. ನಾನು ಒಲೆ ಹಚ್ಚಲು ಹೋದಾಗ ನಮ್ಮ ಅತ್ತೆ ಕೈ ಹಿಡಿದು ನಿಲ್ಲಿಸಿದರು. "ತಡಿಯವ್ವಾ, ನಮ್ಮವ್ವನ ಮನ್ಯಾಗೆ ಇದ್ರಾಗೇ ಮಾಡ್ತಿದ್ರು, ನಾ ಹೇಳ್ತೀನಿ." ಮೊದಲು ತೆಂಗಿನ ನಾರಿನಿಂದ ಉಜ್ಜಿ ಕಪ್ಪು ಮಸಿ, ಜಿಡ್ಡು ತೆಗೆದೆವು. ಎರಡು ದಿನ ಅಕ್ಕಿ ತೊಳೆದ ನೀರಲ್ಲಿ ನೆನೆ ಹಾಕಿ ದಿನಾ ನೀರು ಬದಲಿಸಿದೆವು. ಒರೆಸಿ, ತೆಳ್ಳಗೆ ಶೇಂಗಾ ಎಣ್ಣೆ ಸವರಿ, ಹೊಗೆ ಏಳುವವರೆಗೆ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ. ಹೀಗೆ ನಾಲ್ಕೈದು ಸಲ. ಈ ಹೊಗೆಯೂ ಹಕ್ಕಿಗೆ ಆಗದು. ಆಗ ಮನೆಯಲ್ಲಿ ಹಕ್ಕಿ ಇರಲಿಲ್ಲ, ಆದರೂ ಸಣ್ಣ ಸಿಲಿಂಡರಿನ ಒಲೆಯನ್ನು ಮಹಡಿಗೆ ಒಯ್ದು ಅಲ್ಲೇ ಮಾಡಿದೆವು. ನೀವೂ ಹಾಗೇ ಮಾಡಿ. ಬೀಡಿನ ಹಂಚು ಸುರಕ್ಷಿತ ಅಂತ ನಂಬಿ ಪಂಜರದ ಪಕ್ಕ ಪಳಗಿಸಿದರೆ ಅದೇ ಕಥೆ ಆದೀತು.

ಮೊದಲ ತಿಂಗಳು ಕಷ್ಟ. ದೋಸೆ ಅಂಟುತ್ತಿತ್ತು, ಹರಿಯುತ್ತಿತ್ತು, ಮಕ್ಕಳು ಬೇಸರ ಮಾಡಿಕೊಂಡರು. ಅರ್ಧ ಈರುಳ್ಳಿಗೆ ಎಣ್ಣೆ ಅದ್ದಿ ಪ್ರತಿ ದೋಸೆಗೂ ಮುಂಚೆ ಉಜ್ಜುತ್ತಾ ಹೋದೆ. ಎರಡನೇ ತಿಂಗಳಿಗೆ ಸರಿಯಾಯಿತು. ಈಗ ಹಂಚು ಕನ್ನಡಿ ಹಾಗೆ ಕಪ್ಪಗೆ ಮಿಂಚುತ್ತದೆ. ಬೆಣ್ಣೆ ದೋಸೆ ಊರಿನಲ್ಲಿದ್ದೇವೆ, ದೋಸೆ ವಿಷಯದಲ್ಲಿ ಸುಮ್ನೆ ಹೊಗಳಲಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಹಳೆಯ ನಾನ್‌ಸ್ಟಿಕ್‌ನಲ್ಲಿ ಒಂದು ದಿನವೂ ಹೀಗೆ ಬಂದಿರಲಿಲ್ಲ. ಜೋಳದ ರೊಟ್ಟಿಯೂ ಚೆನ್ನಾಗಿ ಉಬ್ಬುತ್ತದೆ.

ತೊಂದರೆಗಳೂ ಇವೆ. ಭಾರ ಜಾಸ್ತಿ, ಅತ್ತೆಗೆ ಈಗ ಎತ್ತಲು ಆಗುವುದಿಲ್ಲ. ಕಾಯಲು ಐದಾರು ನಿಮಿಷ ಬೇಕು. ಕಿವಿ ಸುಡುತ್ತದೆ, ಬಟ್ಟೆ ಇಲ್ಲದೆ ಮುಟ್ಟುವಂತಿಲ್ಲ. ಮೊದಲ ಮಳೆಗಾಲದಲ್ಲಿ ಒದ್ದೆ ಇಟ್ಟು ಊರಿಗೆ ಹೋಗಿದ್ದೆ, ಬರುವಷ್ಟರಲ್ಲಿ ತುಕ್ಕು. ಮತ್ತೆ ಪಳಗಿಸಬೇಕಾಯಿತು. ಹುಣಸೆ ಹುಳಿ, ಟೊಮೆಟೊ ಬೇಯಿಸಬೇಡಿ, ಪದರ ಕಿತ್ತು ಬರುತ್ತದೆ. ಬಿಸಿ ಹಂಚಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಕೆಳಗೆ ಬಿದ್ದರೆ ಒಡೆಯಲೂಬಹುದು, ಬೀಡು ಹಾಗೇ.

ಪಾತ್ರೆ ಬದಲಿಸಿದ್ದಕ್ಕೇ ಎಲ್ಲ ಸರಿಹೋಗಲಿಲ್ಲ. ಬೆಣ್ಣೆ ಜಾಸ್ತಿ ಕಾದರೆ ಹೊಗೆ, ಒಣಮೆಣಸಿನಕಾಯಿ ಹುರಿದರೆ ಘಾಟು. ನಮಗೇ ಕೆಮ್ಮು ಬರುವ ಘಾಟು ಹಕ್ಕಿಗೆ ಏನಾಗಬೇಡ? ಆರು ತಿಂಗಳು ಬಿಟ್ಟು ಹೊಸ ಜೋಡಿ ತಂದಾಗ ಪಂಜರವನ್ನು ಮುಂದಿನ ಕೋಣೆಯ ಕಿಟಕಿಗೆ ಸರಿಸಿದೆ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಬಾಗಿಲು ಮುಚ್ಚಿ ಅಡುಗೆ ಮಾಡುತ್ತೇನೆ. ಸೊಳ್ಳೆ ಬತ್ತಿ, ಕರೆಂಟಿಗೆ ಹಾಕುವ ಲಿಕ್ವಿಡ್ ಎರಡೂ ಬಿಟ್ಟು ಕಿಟಕಿಗಳಿಗೆ ಜಾಲರಿ, ಹಾಸಿಗೆಗೆ ಸೊಳ್ಳೆ ಪರದೆ ಮಾಡಿದ್ದೇವೆ. ಪಂಜರದ ಕೋಣೆಗೆ ಫಿನಾಯಿಲ್ ಇಲ್ಲ, ಬಿಸಿ ನೀರಲ್ಲಿ ಒರೆಸುತ್ತೇನೆ. ಬಚ್ಚಲಲ್ಲಿ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಹಾಕುವುದಿಲ್ಲ, ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಮನುಷ್ಯರಿಗೂ ಅಪಾಯ. ಬೀರುವಿನಲ್ಲಿ ನುಸಿ ಗುಳಿಗೆ ಇಲ್ಲ. ಧೂಪ ಬಿಡಿಸುವುದು ಮಾತ್ರ ಸುಲಭವಾಗಲಿಲ್ಲ. ಅತ್ತೆಗೆ ಶುಕ್ರವಾರ ಸಾಂಬ್ರಾಣಿ ಬೇಕೇ ಬೇಕು. ಈಗ ಅದನ್ನು ಹೊರಗೆ ತುಳಸಿ ಕಟ್ಟೆ ಹತ್ತಿರ ಹಾಕುತ್ತಾರೆ, ನನಗಿಂತ ಮುಂಚೆ ಅವರೇ ಹೋಗಿ ಆ ಕಡೆಯ ಕಿಟಕಿ ಮುಚ್ಚುತ್ತಾರೆ.

ಹಂಚಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಭಾರಕ್ಕೆ. ಹೊಸ ಜೋಡಿ ಎರಡೂವರೆ ವರ್ಷದಿಂದ ಚೆನ್ನಾಗಿವೆ. ಚಿತ್ರದುರ್ಗದ ತಂಗಿ ಮನೆಯಲ್ಲೂ ಎರಡು ಜೋಡಿ ಇವೆ, ಅವಳ ಒಲೆ ಮೇಲೆ ಇನ್ನೂ ನಾನ್‌ಸ್ಟಿಕ್ ಇತ್ತು. ಹೋದ ತಿಂಗಳು ಇಂಥದ್ದೇ ಇನ್ನೊಂದು ಹಂಚು ತಗೊಂಡು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಅವಳ ಮಹಡಿ ಮೇಲೆ ಇಬ್ಬರೂ ಕೂತು ಸಂಜೆವರೆಗೆ ಪಳಗಿಸಿದೆವು.