ನಿಧಾನದ ಬಾಡಿಗೆ ಗಾಡಿಯೋ, ನೋಂದಣಿಯಾದ ಸ್ಕೂಟರೋ: ಬೆಂಗಳೂರಿನ ರಸ್ತೆಗಳಲ್ಲಿ ಸುರಕ್ಷತೆಯ ಹೋಲಿಕೆ

ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಬಳಿ ಸಾಲಾಗಿ ನಿಂತಿರುವ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮಿಷಗಳ ಲೆಕ್ಕದಲ್ಲಿ ಹಣ ತೆರುವ ನಿಧಾನಗತಿಯ ಗಾಡಿ ಒಂದು. 2017ರಲ್ಲಿ ಇಲ್ಲಿಯೇ ಆರಂಭವಾದ ಯುಲು ಈ ಬಗೆಯನ್ನು ನಗರಕ್ಕೆ ಪರಿಚಿತಗೊಳಿಸಿತು. ಹಸಿರು ನಂಬರ್ ಪ್ಲೇಟ್ ಇರುವ, ದಿನ ಅಥವಾ ವಾರದ ಲೆಕ್ಕದಲ್ಲಿ ದೊರೆಯುವ, ಪೆಟ್ರೋಲ್ ಸ್ಕೂಟರ್‌ನಷ್ಟೇ ವೇಗವಾಗಿ ಓಡುವ ಸ್ಕೂಟರ್ ಇನ್ನೊಂದು. ಎರಡನ್ನೂ ಒಂದೇ ಹಾದಿಗಳಲ್ಲಿ, ಬಿಸಿಲಿನಲ್ಲೂ ಮಳೆಯಲ್ಲೂ, ಹಗಲೂ ರಾತ್ರಿಯೂ ಓಡಿಸಿ ನೋಡಿದ್ದೇನೆ. ಇಲ್ಲಿ ಹೋಲಿಸುತ್ತಿರುವುದು ಕಂಪನಿಗಳನ್ನಲ್ಲ, ವಾಹನದ ಬಗೆಗಳನ್ನು. ಯಾವ ರಸ್ತೆಯಲ್ಲಿ ಯಾವುದು ಸವಾರನಿಗೂ ದಾರಿಹೋಕನಿಗೂ ಅಪಾಯ ತಾರದೆ ಸಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಕಾನೂನಿನ ವ್ಯತ್ಯಾಸವನ್ನು ಹೇಳಿಬಿಡಬೇಕು. ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ನಿಗದಿತ ತೂಕದೊಳಗಿರುವ ಬ್ಯಾಟರಿ ಗಾಡಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ಆದ್ದರಿಂದ ಅದಕ್ಕೆ ನೋಂದಣಿ ಬೇಕಿಲ್ಲ, ಓಡಿಸುವವರಿಗೆ ಲೈಸೆನ್ಸ್ ಬೇಕಿಲ್ಲ. ಬಹುತೇಕರು ಇದನ್ನು ಅನುಕೂಲವೆಂದಷ್ಟೇ ನೋಡುತ್ತಾರೆ. ಆದರೆ ಮೋಟಾರು ವಾಹನಗಳಿಗೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯೂ ಇದಕ್ಕೆ ಕಡ್ಡಾಯವಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರಿಗೆ ನೋಂದಣಿಯಾದ ಸ್ಕೂಟರ್ ತಾಗಿದರೆ ಪರಿಹಾರಕ್ಕೆ ವಿಮೆಯ ದಾರಿಯಿದೆ. ನಿಧಾನದ ಗಾಡಿ ತಾಗಿದರೆ ಆ ದಾರಿ ಇದ್ದೇ ಇರುತ್ತದೆ ಎನ್ನಲಾಗದು. ಆ್ಯಪ್‌ನಲ್ಲಿ ‘ಒಪ್ಪಿದೆ’ ಎಂದು ಒತ್ತುವ ಮುನ್ನ ಅಪಘಾತದ ಹೊಣೆ ಯಾರದೆಂದು ಬರೆದಿರುವ ಷರತ್ತನ್ನು ಓದಲೇಬೇಕು.

ಇನ್ನು ರಸ್ತೆಗೆ ಬರೋಣ. ಇಂದಿರಾನಗರದ ಮೆಟ್ರೊ ನಿಲ್ದಾಣದಿಂದ ಒಳಗಿನ ಅಡ್ಡರಸ್ತೆಗಳನ್ನು ಹಿಡಿದು ದೊಮ್ಮಲೂರಿನ ಕಡೆಗೆ ಸಾಗುವಾಗ ನಿಧಾನದ ಗಾಡಿಯೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ರಸ್ತೆಗಳಲ್ಲಿ ಹಂಪ್‌ಗಳು, ಗೇಟಿನಿಂದ ಹಿಂದಕ್ಕೆ ಬರುವ ಕಾರುಗಳು, ಚೆಂಡಿನ ಹಿಂದೆ ಓಡಿಬರುವ ಮಕ್ಕಳು ಇರುವುದರಿಂದ ಯಾರೂ 25 ಕಿ.ಮೀ. ಮೀರಿ ಹೋಗಬಾರದು. ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. 50 ಎಂದರೆ 14 ಮೀಟರ್. ಮಗುವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ, ನಿಧಾನದ ಗಾಡಿ ಒಂದೂವರೆ ಕಾರಿನ ಉದ್ದ ಸಾಗಿರುತ್ತದೆ, ವೇಗದ ಸ್ಕೂಟರ್ ಅದರ ಎರಡು ಪಟ್ಟು. ಅಲ್ಲದೆ ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಅದೇ ಗಾಡಿಯನ್ನು ದೊಮ್ಮಲೂರಿನಿಂದ ಕೋರಮಂಗಲಕ್ಕೆ ಹೋಗುವ ಇನ್ನರ್ ರಿಂಗ್ ರಸ್ತೆಗೆ ತಂದಾಗ ಲೆಕ್ಕ ಪೂರ್ತಿ ತಿರುಗಿಬಿತ್ತು. ಅಡ್ಡರಸ್ತೆಗಳು ವಿರಳವಾಗಿರುವ ಆ ಹಾದಿಯಲ್ಲಿ ಟ್ರಾಫಿಕ್ ಸಡಿಲವಾದೊಡನೆ ಕಾರುಗಳೂ ಬಿಎಂಟಿಸಿ ಬಸ್‌ಗಳೂ ನನ್ನ ಎರಡು ಪಟ್ಟು ವೇಗದಲ್ಲಿ ಹಿಂದಿನಿಂದ ಬರತೊಡಗಿದವು. ಹಿಂದೆ ಬಸ್ಸಿನ ಹಾರ್ನ್, ಮುಂದೆ ಒಂದು ಗುಂಡಿ. ಬಲಕ್ಕೆ ಸರಿಯಲು ಜಾಗವಿಲ್ಲ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿಯಲ್ಲಿ ವೇಗ ಉಳಿದಿಲ್ಲ. ಇಂಥ ಸ್ಥಿತಿಯಲ್ಲಿ ಸವಾರ ರಸ್ತೆಯ ಎಡ ಅಂಚಿಗೆ ಒತ್ತಿಕೊಂಡೇ ಸಾಗಬೇಕಾಗುತ್ತದೆ. ಮರಳು, ಚರಂಡಿಯ ಮುಚ್ಚಳ, ನಿಂತ ಆಟೊ, ಎದುರಿನಿಂದ ಬರುವ ರಾಂಗ್ ಸೈಡ್ ಬೈಕ್ ಎಲ್ಲವೂ ಇರುವುದು ಆ ಅಂಚಿನಲ್ಲೇ. ನೋಂದಣಿಯಾದ ಸ್ಕೂಟರ್‌ನಲ್ಲಿ ಇದೇ ದಾರಿಯನ್ನು ಉಳಿದ ವಾಹನಗಳ ಜೊತೆಗೇ, ಕನ್ನಡಿಯಲ್ಲಿ ಹಿಂದಿನವರನ್ನು ನೋಡಿಕೊಂಡು, ಗುಂಡಿ ಕಂಡಾಗ ಇಂಡಿಕೇಟರ್ ಹಾಕಿ ಸರಿದುಕೊಂಡು ನಿರಾಳವಾಗಿ ದಾಟಿದೆ. ಅಪಾಯ ಇರುವುದು ಬರಿಯ ವೇಗದಲ್ಲಲ್ಲ, ನಮ್ಮ ವೇಗಕ್ಕೂ ಸುತ್ತಲಿನವರ ವೇಗಕ್ಕೂ ಇರುವ ಅಂತರದಲ್ಲಿ ಎಂಬುದು ನನಗೆ ಈ ರಸ್ತೆಯಲ್ಲಿ ಮನದಟ್ಟಾಯಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗಿನ ಹೊರವರ್ತುಲ ರಸ್ತೆಯ ಮುಖ್ಯ ಪಥಕ್ಕಾಗಲಿ, ಯಾವುದೇ ಫ್ಲೈಓವರ್‌ಗಾಗಲಿ ನಿಧಾನದ ಗಾಡಿಯನ್ನು ನಾನು ಒಯ್ಯುವುದಿಲ್ಲ, ಬೇರೆಯವರಿಗೂ ಬೇಡವೆನ್ನುತ್ತೇನೆ. ದೊಡ್ಡ ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದಾಗಲೂ ಅದರಲ್ಲಿ ಮೂರು ಸಾಲುಗಳನ್ನು ಅಡ್ಡ ಕತ್ತರಿಸುವುದು ಬೇಡ. ಸಿಗ್ನಲ್‌ನಲ್ಲಿ ಎಡಕ್ಕೆ ನಿಂತು, ಇಳಿದು, ಪಾದಚಾರಿ ಪಟ್ಟೆಯ ಮೇಲೆ ತಳ್ಳಿಕೊಂಡು ದಾಟಬಹುದು. ಗಾಡಿ ಹಗುರವಾಗಿರುವುದರಿಂದ ಇದು ಕಷ್ಟವೇನಲ್ಲ.

ಚಕ್ರಗಳ ವಿಷಯದಲ್ಲಿ ನಿಧಾನದ ಗಾಡಿ ಹಿಂದೆ ಬೀಳುತ್ತದೆ. ಚಕ್ರ ಸಣ್ಣದಾದಷ್ಟೂ ಗುಂಡಿಯ ಅಂಚು ಜೋರಾಗಿ ಹೊಡೆಯುತ್ತದೆ, ಹ್ಯಾಂಡಲ್ ಕೈ ತಪ್ಪುವ ಸಂಭವವೂ ಹೆಚ್ಚು. ಚರ್ಚ್ ಸ್ಟ್ರೀಟ್‌ನ ಕಲ್ಲುಹಾಸಿನ ಮೇಲೆ ಹೋದರೆ ಮೊಣಕೈಯವರೆಗೆ ನಡುಕ ತಿಳಿಯುತ್ತದೆ. ಸ್ಕೂಟರ್‌ನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಮಳೆಯಲ್ಲಿ ಮಾತ್ರ ಎರಡೂ ಒಂದೇ. ಜಯನಗರದ ಬೀದಿಗಳಲ್ಲಿ ಹೊಂಗೆಯ ಹೂ ಉದುರಿದ ಮೇಲೆ ಒಂದು ಹನಿ ಮಳೆ ಬಿದ್ದರೆ ಸಾಕು, ಟಾರಿನ ಮೇಲೆ ತೆಳುವಾದ ಜಾರುವ ಪದರ ಕೂಡುತ್ತದೆ. ಅಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದವರು ಯಾವ ಗಾಡಿಯಲ್ಲಿದ್ದರೂ ಬೀಳುತ್ತಾರೆ. ವೇಗದ ಸ್ಕೂಟರ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಮಾದರಿಗಳಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಮೋಟಾರೇ ಗಾಡಿಯನ್ನು ಹಿಡಿದು ನಿಲ್ಲಿಸಲು ನೋಡುತ್ತದೆ, ಇನ್ನು ಕೆಲವು ಹಾಗೆಯೇ ಉರುಳುತ್ತಾ ಹೋಗುತ್ತವೆ. ಪ್ರತಿ ಸಲ ಬೇರೆ ಬಾಡಿಗೆ ಗಾಡಿ ಕೈಗೆ ಬರುವುದರಿಂದ, ಬೀದಿಯ ಕೊನೆಯವರೆಗೆ ಹೋಗಿ ಎರಡು ಬ್ರೇಕ್‌ಗಳನ್ನೂ ಈ ಹಿಡಿತವನ್ನೂ ಪರೀಕ್ಷಿಸಿಯೇ ಮುಖ್ಯರಸ್ತೆಗೆ ಇಳಿಯಬೇಕು.

ಹೆಲ್ಮೆಟ್‌ನ ಬಗ್ಗೆ ನನ್ನ ನಿಲುವು ಕಾನೂನಿಗಿಂತ ಕಟ್ಟುನಿಟ್ಟಿನದು. ನೋಂದಣಿಯಾದ ಸ್ಕೂಟರ್‌ನಲ್ಲಿ ಸವಾರನಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ. ನಿಧಾನದ ಗಾಡಿಗೆ ಆ ವಿಧಿ ಅನ್ವಯಿಸದ ಕಾರಣ ಅದರ ಮೇಲೆ ಬರಿದಲೆಯವರೇ ಹೆಚ್ಚು. 20 ಕಿ.ಮೀ. ವೇಗದಲ್ಲಿ ಬಿದ್ದವರ ತಲೆಯೂ ಫುಟ್‌ಪಾತಿನ ಕಲ್ಲಂಚಿಗೇ ಬಡಿಯುತ್ತದೆ. ಬಾಡಿಗೆಯವರು ಕೊಡುವ ಹೆಲ್ಮೆಟ್‌ಗಳನ್ನೂ ನಂಬುವಂತಿಲ್ಲ: ಒಂದು ಕಡೆ ನನಗೆ ಕೊಟ್ಟದ್ದರ ಪಟ್ಟಿಯ ಕೊಂಡಿ ಕೂಡುತ್ತಲೇ ಇರಲಿಲ್ಲ, ತಲೆ ಅಲ್ಲಾಡಿಸಿದರೆ ಅದು ಹಣೆಗೆ ಜಾರುತ್ತಿತ್ತು. ಐಎಸ್‌ಐ ಗುರುತಿನ, ಅಳತೆಗೆ ಸರಿಯಾದ ಸ್ವಂತ ಹೆಲ್ಮೆಟ್ ಬ್ಯಾಗಿಗೆ ಸಿಕ್ಕಿಸಿಕೊಂಡು ಮೆಟ್ರೊ ಹತ್ತುವುದು ಸ್ವಲ್ಪ ತೊಡಕೇ ಆದರೂ ನಾನು ಅದನ್ನು ಬಿಟ್ಟಿಲ್ಲ. ಒಂದೇ ಸೀಟಿನ ನಿಧಾನದ ಗಾಡಿಯ ಮೇಲೆ ಇಬ್ಬರು, ಕೆಲವೊಮ್ಮೆ ನಡುವೆ ಮಗುವನ್ನೂ ನಿಲ್ಲಿಸಿಕೊಂಡು ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ; ಅದರ ಬ್ರೇಕ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಜೊತೆಗೊಬ್ಬರಿದ್ದರೆ ದೊಡ್ಡ ಸ್ಕೂಟರ್ ಪಡೆಯಲಿ, ಇಲ್ಲವೇ ಎರಡು ಗಾಡಿ ತೆಗೆದುಕೊಳ್ಳಲಿ.

ಬಾಡಿಗೆಯ ಲೆಕ್ಕಾಚಾರವೂ ಸುರಕ್ಷತೆಯ ಮೇಲೆ ಪರಿಣಾಮ ಬೀರುತ್ತದೆ. ನಿಮಿಷಕ್ಕೆ ಇಷ್ಟು ಎಂದು ಹಣ ಏರುತ್ತಿರುವಾಗ ಕೆಂಪು ಸಿಗ್ನಲ್‌ನಲ್ಲಿ ನಿಂತವರಿಗೆ ಚಡಪಡಿಕೆ ಶುರುವಾಗುತ್ತದೆ. ಒನ್ ವೇಯಲ್ಲಿ ಎದುರು ನುಗ್ಗುವುದು, ಫುಟ್‌ಪಾತ್ ಏರುವುದು ಆ ಚಡಪಡಿಕೆಯಿಂದಲೇ. ದಿನದ ಬಾಡಿಗೆಯಲ್ಲಿ ಆ ಒತ್ತಡವಿಲ್ಲ, ದಾರಿಯಲ್ಲಿ ನಿಂತು ಫೋನ್‌ನಲ್ಲಿ ಮ್ಯಾಪ್ ನೋಡಿಕೊಳ್ಳಲೂ ಸಮಯವಿರುತ್ತದೆ. ಈ ಅಂಶದಲ್ಲಿ ಅಂಕ ದೊಡ್ಡ ಸ್ಕೂಟರ್‌ಗೆ.

ಕೊನೆಯದು ನಿಲುಗಡೆ. ದಿನದ ಬಾಡಿಗೆಯ ಸ್ಕೂಟರ್‌ಗೆ ಸವಾರ ಪಾರ್ಕಿಂಗ್ ಹುಡುಕಲೇಬೇಕು, ಇಲ್ಲವಾದರೆ ದಂಡ ಬೀಳುತ್ತದೆ. ನಿಧಾನದ ಗಾಡಿಯನ್ನು ಬಾಡಿಗೆ ಮುಗಿದೊಡನೆ ಬಿಟ್ಟುಹೋಗಬಹುದಾದ್ದರಿಂದ, ಮೆಟ್ರೊ ನಿಲ್ದಾಣಗಳ ಸುತ್ತ ಅದು ಫುಟ್‌ಪಾತಿನ ನಡುವೆ ಅಡ್ಡಲಾಗಿ ನಿಂತಿರುವುದು ಸಾಮಾನ್ಯ. ಅಲ್ಲಿನ ಹಳದಿ ಉಬ್ಬುಗೆರೆಯ ಹಾಸು ದೃಷ್ಟಿಯಿಲ್ಲದವರು ಕೋಲಿನಿಂದ ತಡವಿಕೊಂಡು ನಡೆಯುವ ದಾರಿ; ಅದರ ಮೇಲೆ ನಿಂತ ಗಾಡಿ ಅವರನ್ನು ಬೀಳಿಸಬಹುದು, ಗಾಲಿಕುರ್ಚಿಯವರನ್ನು ವಾಹನಗಳ ನಡುವೆ ಇಳಿಸಬಹುದು. ನಿಗದಿತ ಜಾಗ ತುಂಬಿದ್ದರೆ ಮುಂದಿನ ನಿಲುಗಡೆಯವರೆಗೆ ಹೋಗಿ, ಗೋಡೆಗೆ ಒತ್ತಿ, ಸೈಡ್ ಸ್ಟ್ಯಾಂಡ್ ಗಟ್ಟಿಯಾಗಿ ಕೂತಿದೆಯೇ ನೋಡಿ ಬಿಡಬೇಕು. ಅದಕ್ಕೆ ತಗಲುವ ಹೆಚ್ಚಿನ ನಿಮಿಷಗಳ ಬಾಡಿಗೆಯನ್ನು ನಾನು ಪ್ರಯಾಣದ ಖರ್ಚಿನಲ್ಲೇ ಸೇರಿಸಿಕೊಂಡಿದ್ದೇನೆ.