ಹೂ ನೋಡಿ ಗಿಡ ತಗೋಬ್ಯಾಡ್ರಿ ಅಂದ ನರ್ಸರಿ

ಮೂರು ವರ್ಷ ಆತು ನಾ ಈ ನರ್ಸರಿಗೆ ಹೋಗಾಕ ಹತ್ತಿ, ಬರೀಬೇಕು ಬರೀಬೇಕು ಅಂತ ಇವತ್ತ ಕುಂತೆ. ಹುಬ್ಬಳ್ಳಿ-ಧಾರವಾಡ ನಡುವ ರಾಯಾಪುರದ ಕಡೆ ಐತಿ, ಬೋರ್ಡ್ ಇಲ್ಲ, ದೊಡ್ಡ ಬೇವಿನ ಗಿಡದ ಬಾಜೂ ಹಸಿರು ನೆಟ್ ಕಟ್ಯಾರ ನೋಡ್ರಿ, ಅದ. ವಯಸ್ಸಾದ ಕಾಕಾ ಒಬ್ಬರು, ಅವರ ಮಗಳು, ಇಬ್ಬರ ನಡಸ್ತಾರ.

ಮೊದಲ ನಾ ಬ್ಯಾರೆ ಕಡೆ ಗಿಡ ತರತಿದ್ದೆ. ಒಂದ್ ಸಲ ಸಂಕ್ರಮಣದ ಮುಂದ 2,400 ರೂಪಾಯಿ ಕೊಟ್ಟು ಪೆಟೂನಿಯಾ, ಡೇಲಿಯಾ, ಸಾಲ್ವಿಯಾ, ಡಯಾಂಥಸ್ ಎಲ್ಲಾ ಅರಳಿದ್ದ ಗಿಡಾನ ಆರಿಸಿ ತಂದೆ, ಮನಿ ಮುಂದ ಜಾತ್ರಿ ಆದಂಗ ಆಗಿತ್ತು, ಹೋಳಿ ಹುಣ್ಣಿವಿ ಬರೂದ್ರಾಗ ಎಲ್ಲಾ ಒಣಗಿ ಕಡ್ಡಿ. ಇವು ಥಂಡಿ ದಿನದ ಹೂ, ಮಾರ್ಚ್ ಬಿಸಲು ತಡಿಯಂಗಿಲ್ಲ ಅಂತ ಮಾರಿದಾವರು ಒಂದ್ ಮಾತೂ ಹೇಳಲಿಲ್ಲ. ನನಗ ಭಾಳ ಬ್ಯಾಸರಾಗಿದ್ದು ರೊಕ್ಕ ಹೋದದ್ದಕ್ಕಲ್ಲ, ನೀರು ಸಾಲವಲ್ದು ಅಂತ ದಿನಾ ಎರಡೆರಡು ಸಲ ಹಾಕಿ ಅವನ್ನ ಉಳಿಸಾಕ ಬಡದಾಡಿದ್ದಕ್ಕ.

ಇಲ್ಲಿ ಕಾಕಾ ಮೊದಲನೇ ದಿನಾನ ಕೇಳಿದ್ದು "ಅಕ್ಕಾರ, ನಿಮ್ಮ ಬಾಗಲಾ ಯಾವ ದಿಕ್ಕಿಗೈತ್ರಿ, ಬಿಸಲು ಎಷ್ಟ್ ತಾಸು ಬೀಳತೈತಿ, ಮಣ್ಣು ಎರಿನೋ ಮಸಾರಿನೋ?" ಅಂತ. ಎರಿ ಅಂದ್ರ ಕಪ್ಪು ಮಣ್ಣು, ಮಸಾರಿ ಅಂದ್ರ ಕೆಂಪು ಮಣ್ಣು. ನಮ್ಮದು ವಿದ್ಯಾನಗರ, ಕಂಪೌಂಡ್ ಒಳಗ ಅಪ್ಪಟ ಎರಿ ಮಣ್ಣು, ಮಳಿಗಾಲಕ್ಕ ನೀರು ಹಿಡದು ನಿಂದರತೈತಿ, ಬ್ಯಾಸಿಗಿಗೆ ಬಿರುಕು ಬಿಡತೈತಿ. ಹಂಗಾದ್ರ ಮಲ್ಲಿಗಿ, ಶ್ಯಾವಂತಿಗಿ ನೆಲಕ್ಕ ಹಚ್ಚಬ್ಯಾಡ್ರಿ, ಕುಂಡದಾಗ ಮಸಾರಿ, ಉಸುಕು, ತಿಪ್ಪಿ ಗೊಬ್ಬರ ಕೂಡಿಸಿ ಹಚ್ರಿ ಅಂದ್ರು. ಆಮ್ಯಾಲೆ ನಾ ಕೈ ಮಾಡಿ ತೋರ್ಸಿದ ಹತ್ತು ಗಿಡದಾಗ ಆರು ಕೊಡಲೇ ಇಲ್ಲ! ಒಂದ ದಿನ ಎಲ್ಲಾ ಒಯ್ದ್ರ ಒಂದ ತಿಂಗಳ ಬಣ್ಣ, ವರ್ಷಕ್ಕ ನಾಕು ಸಲ ಬರ್ರಿ, ಒಂದೊಂದ್ ಸಲಕ್ಕ ಮುಂದಿನ ಕಾಲದ್ದು ಒಯ್ರಿ ಅಂದ್ರು.

ಹಂಗ ನಾಕು ಸಲ ಹೋಗಿ ಹೋಗಿ ಈಗ ನಮ್ಮ ಅಂಗಳದಾಗ ಬಣ್ಣ ಇಲ್ಲದ ತಿಂಗಳ ಇಲ್ಲ. ಯುಗಾದಿಯಿಂದ ಮಳಿ ಬರೂತನಕ ದುಂಡಮಲ್ಲಿಗಿ, ಟೇಬಲ್ ರೋಸ್, ಕಂಪೌಂಡ್ ಮ್ಯಾಲ ಬೋಗನ್‌ವಿಲ್ಲಾ. ಮಳಿ ಬಿದ್ದ ನಾಕೈದು ದಿನಕ್ಕ ಪರಸಿ ಸಂದಿ ಗುಂಟ ಮಳಿ ಲಿಲ್ಲಿ ಒಮ್ಮೆಲೇ ಏಳತಾವು, ಕರ್ಣಕುಂಡಲನೂ ಅವಾಗ. ಮಳಿ ಹಿಂದ ಸರಿಯೂ ಹೊತ್ತಿಗೆ ಪಾರಿಜಾತ. ಚೆಂಡಹೂ ದೀಪಾವಳಿಗೆ ಬೇಕಂದ್ರ ಅಗಸ್ಟ್ ಮುಗಿಯೂದ್ರಾಗ ಅಗಿ ಹಚ್ಚಬೇಕು, ಹಬ್ಬ ಹತ್ರ ಬಂದಮ್ಯಾಲ ಓಡಿದ್ರ ಕೈಗೆ ಸಿಗೋದು ಬರೇ ಹೂವಿನ ಮಾಲಿ. ನಿತ್ಯಪುಷ್ಪ, ದಾಸವಾಳ ಎಲ್ಲಾ ಕಾಲಕ್ಕೂ ಇದ್ದ ಇರತಾವು, ಹೂ ಕಡಿಮಿ ಇದ್ದಾಗ ಕ್ರೋಟನ್ ಎಲಿ ಬಣ್ಣ ಅಂಗಳ ಕಾಯತೈತಿ.

ಶ್ಯಾವಂತಿಗಿದು ಮಾತ್ರ ಬಿಡಿಸಿ ಹೇಳಬೇಕು. ಜೂನ್‌ದಾಗ 30 ರೂಪಾಯಿಕ್ಕೊಂದರಂಗ ಎಂಟು ಅಗಿ ಒಯ್ದಿದ್ದೆ, ಅಗಸ್ಟ್ ತನಕ ಎರಡು ಸಲ ಕುಡಿ ಚೂಟಿದೆ, ಗಿಡ ಬುಟ್ಟಿಯಂಗ ತುಂಬ್ಕೊಂತು. ನವೆಂಬರ್ ಬಂತು, ಹಿತ್ತಲದಾಗಿನ ಐದೂ ಮೊಗ್ಗು ತುಂಬಿ ನಿಂತಾವು, ಗೇಟ್ ಹತ್ರದ ಮೂರಕ್ಕ ಬರೇ ಎಲಿ. ಅದ ಮಣ್ಣು, ಅದ ಗೊಬ್ಬರ. ಗೊಬ್ಬರ ಕೇಳಾಕ ಅಂತ ಹೋದೆ, ಕಾಕಾ ಗೊಬ್ಬರದ ಮಾತ ತಗೀಲಿಲ್ಲ, "ಗೇಟ್ ಮುಂದ ಲೈಟಿನ ಕಂಬ ಐತೇನ್ರಿ?" ಅಂದ್ರು. ಐತಿ, ಹೊಸಾ ಎಲ್‌ಇಡಿ, ರಾತ್ರಿಯೆಲ್ಲಾ ಉರಿತೈತಿ. ಶ್ಯಾವಂತಿಗಿಗೆ ರಾತ್ರಿ ಉದ್ದ ಆಗಬೇಕಂತ, ಕತ್ತಲಿ ಸಿಕ್ರನ ಮೊಗ್ಗು ಕಟ್ಟತೈತಂತ, ಬೆಳಕು ಬಿದ್ರ ಇನ್ನೂ ಮಳಿಗಾಲ ಐತಿ ಅನ್ಕೊಂಡು ಬರೇ ಎಲಿ ಬಿಡತೈತಂತ. ಮೂರೂ ಎತ್ತಿ ಹಿತ್ತಲಕ್ಕ ಇಟ್ಟೆ. ಮೂರು ವಾರಕ್ಕ ಕುಡಿಯಾಗ ಜ್ವಾಳದ ಕಾಳಿನಷ್ಟ ಹಸಿರು ಮೊಗ್ಗು ಕಂಡ್ವು, ಸಂಕ್ರಮಣದ ಹೊತ್ತಿಗೆ ಮೂರೂ ಹಳದಿ! ಅವತ್ತ ನನಗ ಆದ ಖುಷಿ ಹೇಳಾಕ ಬರಂಗಿಲ್ಲ. ಡಿಸೆಂಬರ್‌ದಾಗ ಕೆಂಪ ಆಗೋ ಪಾಯಿನ್ಸೆಟಿಯಾಕ್ಕೂ ಇದ ಕಥಿ, ಅದನ್ನೂ ಲೈಟಿನ ಕೆಳಗ ಇಡಬ್ಯಾಡ್ರಿ.

ಬೋಗನ್‌ವಿಲ್ಲಾಕ್ಕ ಉಲ್ಟಾ, ಅದನ್ನ ಜಗ್ಗಿ ನೀರು ಹಾಕಿ ಸಾಕಿದ್ರ ಬರೇ ಎಲಿ, ಮಣ್ಣು ಒಣಗಾಕ ಬಿಟ್ಟು ಪೂರ್ತಿ ಬಿಸಲಿಗೆ ಇಟ್ರ ಬಣ್ಣ. ಆ ಬಣ್ಣದ್ದು ಹೂ ಅಲ್ಲ, ಎಲಿ, ನಡುವ ಸಣ್ಣ ಬಿಳಿ ಕಾಣತೈತಲ್ಲ ಅದ ಹೂ.

ಇನ್ನೊಂದ್ ಇವರದ್ದು ನನಗ ಭಾಳ ಸೇರಿದ್ದು ಏನಂದ್ರ, ಗಿಡದ ಚೀಲ ಬಿಚ್ಚಿ ಬೇರು ತೋರಸ್ತಾರ. ಬೇರು ಬೆಳ್ಳಗ ಇದ್ರ ಕೊಡ್ತಾರ, ಚೀಲದ ತಳದಾಗ ಸಿಂಬಿ ಸುತ್ತಿದಂಗ ಸುತ್ತಕೊಂಡಿದ್ರ ತಾವ ಬಾಜೂಕಿಡ್ತಾರ. ಅರಳಿದ ಹೂಕ್ಕಿಂತ ಮೊಗ್ಗು ಹೆಚ್ಚಿದ್ದ ಗಿಡಾನ ಕೈಗೆ ಕೊಡೋದು, ಅರಳಿದ್ದು ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಮನಿ ಮುಟ್ಟೂದ್ರಾಗ ಉದುರತಾವು, ಅದು ಖರೇನ.

ಕೊರತಿನೂ ಅದಾವು. ಗಿಡಕ್ಕ ಹೆಸರಿನ ಚೀಟಿ ಇಲ್ಲ, ಕಾಕಾ ಇಲ್ಲದ ದಿನ ಹೋದ್ರ ಮಗಳಿಗೆ ಎಲ್ಲಾ ಬಣ್ಣ ಗೊತ್ತಿರಂಗಿಲ್ಲ, ನಾ ಬಿಳಿ ಅಂತ ತಂದ ದಾಸವಾಳ ಗುಲಾಬಿ ಬಣ್ಣದ್ದಾತು. ಕುಂಡದ ರೇಟು ಜಾಸ್ತಿ ಅನಸ್ತು, 12 ಇಂಚಿನ ಮಣ್ಣಿನ ಕುಂಡಕ್ಕ 220 ಅಂದ್ರು, ನಾ ಸಂತ್ಯಾಗ ಕಡಿಮಿಗೆ ತಗೊಂಡೆ. ಫೋನ್‌ಪೇ ಐತಿ. ರವಿವಾರ ಹೋಗಬ್ಯಾಡ್ರಿ, ಗದ್ದಲದಾಗ ಅವರಿಗೆ ಮಾತಾಡಾಕ ಪುರಸೊತ್ತ ಇರಂಗಿಲ್ಲ, ಮಾತಾಡಲಿಲ್ಲ ಅಂದ್ರ ಅಲ್ಲಿಗೆ ಹೋಗಿದ್ದೂ ದಂಡ.

ಮೊನ್ನೆ ಶಿವರಾತ್ರಿ ಮುಂದ ಹೋದಾಗ ಮೇ ಫ್ಲವರ್ ಗಡ್ಡಿ ಎಂಟು ತಂದೇನಿ, 25 ರೂಪಾಯಿಕ್ಕೊಂದು, ವರ್ಷಕ್ಕ ಒಂದ ಸಲ ಚೆಂಡಿನಂಗ ಕೆಂಪ ಹೂ ಬಿಡತಾವು. ಈಗ ನೋಡಿದ್ರ ಬರೇ ಮಣ್ಣು. ಖಾಲಿ ಕುಂಡ ಬಾಗಲದಾಗ ಯಾಕ ಇಟ್ಟಿ ಅಂತ ನಮ್ಮ ಅತ್ತಿಯವರು ದಿನಾ ಕೇಳಾಕತ್ಯಾರ. ಒಂದ್ ದೊಡ್ಡ ಮಳಿ ಬೀಳಲಿ ಅತ್ತಿ, ತಡೀರಿ ಅಂದೇನಿ.